ರತ್ನಳ ಡಿಪ್ಲೊಮಾ, ನನ್ನ ಎ ಗ್ರೇಡು

ಸರ್ಟಿಫಿಕೇಟು ಎಂದರೆ ನನಗೆ ಮೊದಲಿನಿಂದಲೂ ಒಂದು ವೀಕ್‌ನೆಸ್ಸು. ಕೆಲವರಿಗೆ ಬಂಗಾರದ ಮೇಲೆ ಆಸೆ, ಕೆಲವರಿಗೆ ಸ್ಟೀಲ್ ಪಾತ್ರೆಯ ಮೇಲೆ, ನಮ್ಮ ನಾದಿನಿ ಮಂಗಳಳಿಗೆ ಮದುವೆಮನೆಯ ತಾಂಬೂಲದ ಚೀಲದ ಮೇಲೆ. ನನಗೆ ದಪ್ಪ ಕಾಗದ, ಅಂಚಿನಲ್ಲಿ ಬಳ್ಳಿಯ ಡಿಸೈನು, ಕೆಳಗೆ ಯಾರದೋ ಓದಲಾಗದ ಸಹಿ, ಮೂಲೆಯಲ್ಲೊಂದು ಕೆಂಪು ಮೊಹರು ಇಷ್ಟಿದ್ದರೆ ಸಾಕು, ಒಳಗೆ ಏನು ಬರೆದಿದೆ ಎಂದು ನೋಡದೆಯೇ ನಂಬಿಬಿಡುತ್ತೇನೆ. ಇದಕ್ಕೆಲ್ಲ ಮೂಲ ನಮ್ಮ ಕಾನ್ವೆಂಟು. ಅಲ್ಲಿನ ಸಿಸ್ಟರುಗಳು ಎಲ್ಲಕ್ಕೂ ಸರ್ಟಿಫಿಕೇಟು ಕೊಡುತ್ತಿದ್ದರು. ತಪ್ಪದೆ ಸ್ಕೂಲಿಗೆ ಬಂದದ್ದಕ್ಕೆ ಒಂದು, ಗುಡ್ ಕಾಂಡಕ್ಟಿಗೆ ಒಂದು, ಒಂದು ಟರ್ಮ್ ಪೂರ್ತಿ ಕಾಂಪೌಂಡಿನೊಳಗೆ ಕನ್ನಡ ಮಾತಾಡದೆ ಇದ್ದದ್ದಕ್ಕೂ ಒಂದು. ಆ ಕೊನೆಯದು ನನಗೆ ಎರಡು ಸಲ ಬಂದಿದೆ. ನೀಡಲ್‌ವರ್ಕಿಗೂ ಒಂದಿದೆ. ಆ ಟ್ರೇ ಕ್ಲಾತಿನ ಮೇಲಿನ ಗುಲಾಬಿಗಳಲ್ಲಿ ಮುಕ್ಕಾಲು ಪಾಲು ಹೊಲಿದದ್ದು ನಮ್ಮ ದೊಡ್ಡಮ್ಮ. ಸಿಸ್ಟರ್ ಆಗ್ನೆಸ್ ಅದನ್ನು ಇಡೀ ಕ್ಲಾಸಿಗೆ ಎತ್ತಿ ತೋರಿಸಿ, “ಸಚ್ ಆನೆಸ್ಟ್ ವರ್ಕ್” ಎಂದರು. ನಾನು ತಲೆ ತಗ್ಗಿಸಿದೆ. ನಾಚಿಕೆಯಿಂದಲ್ಲ, ಮಾಡೆಸ್ಟಿಯಿಂದ.

ನಮ್ಮ ತಂದೆಗೆ ಚಿಕ್ಕಪೇಟೆಯಲ್ಲಿ ಜವಳಿ ಅಂಗಡಿ. ಹಣೆಗೆ ಮೂರು ಬೆರಳಗಲ ವಿಭೂತಿ ಬಳಿದುಕೊಂಡು ಗಲ್ಲಾಪೆಟ್ಟಿಗೆಯ ಮುಂದೆ ಕೂತರೆ ಗಿರಾಕಿಗಳು ಚೌಕಾಸಿ ಮಾಡಲು ಹೆದರುತ್ತಿದ್ದರು. ಅಂಥವರು ಮಗಳನ್ನು ಕಾನ್ವೆಂಟಿಗೆ ಸೇರಿಸಿದ್ದು ಇಂಗ್ಲಿಷಿನ ಮೋಹದಿಂದಲ್ಲ. ಮುಂಬಯಿಯ ಮಿಲ್ಲುಗಳಿಗೆ ಕಾಗದ ಬರೆಯುವ ಗುಮಾಸ್ತನ ಸಂಬಳ ಉಳಿಯುತ್ತದಲ್ಲ ಎಂದು. ಹನ್ನೆರಡನೆಯ ವಯಸ್ಸಿಗೇ ನಾನು ಅಪ್ಪನ ಹೆಸರಿನಲ್ಲಿ “ವಿ ರಿಗ್ರೆಟ್ ಟು ಇನ್‌ಫಾರ್ಮ್ ಯು” ಎಂದು ದುಂಡನೆಯ ಕರ್ಸಿವ್ ಅಕ್ಷರದಲ್ಲಿ ಬರೆಯುತ್ತಿದ್ದೆ. ಕೆಳಗೆ ಅಪ್ಪ ಕನ್ನಡದಲ್ಲಿ ಸಹಿ ಹಾಕುತ್ತಿದ್ದರು. ಬೇರೆಯವರ ಹೆಸರಿನಲ್ಲಿ ಇಂಗ್ಲಿಷ್ ಬರೆಯುವ ಚಟ ಅಲ್ಲಿಂದ ಅಂಟಿಕೊಂಡದ್ದು ಎಪ್ಪತ್ತಾರು ದಾಟಿದರೂ ಬಿಟ್ಟಿಲ್ಲ. ಆ ಚಟ ರತ್ನಳಿಗೆ ಎಷ್ಟು ದುಬಾರಿಯಾಯಿತು ಎನ್ನುವುದನ್ನೇ ಈಗ ಹೇಳಲು ಹೊರಟಿರುವುದು.

ನಮ್ಮ ಶಂಕರಪುರಂ ಕಡೆಯ ಹಳೆಯ ಮನೆಗಳಲ್ಲಿ ಮಗು ಹುಟ್ಟಿತೆಂದರೆ ಡಾಕ್ಟರರ ನಂತರ ಮೊದಲು ಹೇಳಿಕಳಿಸುತ್ತಿದ್ದದ್ದು ನೀರು ಹಾಕುವವಳಿಗೆ. ನಮ್ಮ ಮನೆಗೆ ಬರುತ್ತಿದ್ದವಳು ಬಿನ್ನಿಪೇಟೆಯ ಮುನಿಯಮ್ಮ. ಅವಳ ಗಂಡ ಅಲ್ಲಿನ ಗಿರಣಿಯಲ್ಲಿ ಕೆಲಸಕ್ಕಿದ್ದ. ಬೆಳಿಗ್ಗೆ ಒಂಬತ್ತಕ್ಕೆ ನಡೆದು ಬಂದು, ಬಚ್ಚಲಲ್ಲಿ ಮಣೆಯ ಮೇಲೆ ಕೂತು, ಸೀರೆ ಮಂಡಿಗೆ ಎತ್ತಿ ಕಟ್ಟಿ, ಎರಡೂ ಕಾಲು ನೀಡಿದಳೆಂದರೆ ಅದೇ ತೊಟ್ಟಿಲು, ಅದೇ ಬಾತ್ ಟಬ್ಬು. ಮಗುವನ್ನು ಕಾಲಮೇಲೆ ಮಲಗಿಸಿ, ನೆತ್ತಿಗೆ ಹರಳೆಣ್ಣೆ ತಟ್ಟಿ, ಮೈಗೆಲ್ಲ ಎಣ್ಣೆ ತಿಕ್ಕಿ, ಕೈಕಾಲು ಅಡ್ಡಡ್ಡ ಮಡಚಿ ಬಿಡಿಸಿ, ಹಂಡೆಯ ಬಿಸಿನೀರು ಹದ ಮಾಡಿ ಹಾಕಿ ಮುಗಿಸುವಷ್ಟರಲ್ಲಿ ಮಗುವಿಗೆ ಅರೆನಿದ್ದೆ. ಕೊನೆಯ ಚೊಂಬು ನೀರನ್ನು ಮಾತ್ರ ಮಗುವಿನ ಸುತ್ತ ಮೂರು ಸಲ ನಿವಾಳಿಸಿ, ಪಕ್ಕಕ್ಕೆ ತಿರುಗಿ “ಥೂ, ಥೂ, ಥೂ” ಎಂದು ದೃಷ್ಟಿ ತೆಗೆಯುತ್ತಿದ್ದಳು. ನನ್ನ ಎರಡೂ ಮಕ್ಕಳಿಗೆ ನೀರು ಹಾಕಿದವಳು ಅವಳೇ. ನಾನು ಏನು ಮಾಡುತ್ತಿದ್ದೆ ಎಂದರೆ, ಬಾಗಿಲಲ್ಲಿ ಟವೆಲ್ಲು ಹಿಡಿದು ನಿಂತಿರುತ್ತಿದ್ದೆ. ವೆರಿ ಡಿಗ್ನಿಫೈಡ್ ಆಗಿ. ಆನೆಸ್ಟ್ಲಿ ಹೇಳಬೇಕೆಂದರೆ ನಾನು ಈ ಜನ್ಮದಲ್ಲಿ ಒಂದು ಎಳೆಗೂಸಿಗೂ ಸ್ನಾನ ಮಾಡಿಸಿದವಳಲ್ಲ.

ಮುನಿಯಮ್ಮನ ಮಗಳೇ ರತ್ನ. ತಾಯಿಯ ಜೊತೆ ಬಂದು ಎಣ್ಣೆಬಟ್ಟಲು ಹಿಡಿಯುತ್ತಿದ್ದವಳು, ತಾಯಿ ಹೋದ ಮೇಲೆ ತಾನೇ ಮಣೆ ಹತ್ತಿದಳು. ಈಗ ಅವಳಿಗೆ ನಲವತ್ತಾರು. ಗಂಡ ತೀರಿಕೊಂಡಿದ್ದಾನೆ, ಒಬ್ಬಳೇ ಮಗಳಿಗೆ ಮದುವೆಯಾಗಿದೆ, ಬಿನ್ನಿಪೇಟೆಯ ಬಾಡಿಗೆ ಮನೆಯಲ್ಲಿ ಒಬ್ಬಳೇ ಇದ್ದಾಳೆ. ಗವಿಪುರಂನಿಂದ ಚಾಮರಾಜಪೇಟೆಯವರೆಗೆ ಎಷ್ಟು ಮಕ್ಕಳು ಅವಳ ಕಾಲಮೇಲೆ ಮಲಗಿ ಎದ್ದಿವೆಯೋ ಅವಳಿಗೂ ಗೊತ್ತಿಲ್ಲ. ನಮ್ಮ ಮನೆಯಲ್ಲಿ ನೀರು ಹಾಕುವಂಥ ಮಗು ಇಲ್ಲದೆ ಎಷ್ಟೋ ವರ್ಷವಾಯಿತು. ಆದರೂ ಕೆಲಸ ಮುಗಿಸಿ ವಾಪಸ್ಸು ಹೋಗುವಾಗ ನಮ್ಮ ಜಗಲಿಯಲ್ಲಿ ಕೂತು ಒಂದು ಲೋಟ ಕಾಫಿ ಕುಡಿಯುವುದು ಅವಳ ಪದ್ಧತಿ.

ಒಂದು ದಿನ ಹಾಗೇ ಬಂದವಳು ಲೋಟ ಮುಟ್ಟದೆ ಕೂತಿದ್ದಳು. ಏನೇ ಎಂದೆ.

“ಅಮ್ಮಾ, ಆ ಗಿರಣಿ ಜಾಗದಲ್ಲಿ ಎದ್ದಿದೆಯಲ್ಲ ದೊಡ್ಡ ಅಪಾರ್ಟ್‌ಮೆಂಟು, ಅಲ್ಲಿ ಒಂದು ಬಾಣಂತಿ ಮನೆಗೆ ಕರೆದಿದ್ರು. ಹೋದ್ರೆ ಆ ಹುಡುಗಿ ಕೇಳ್ತಾಳೆ, ಆಂಟಿ ಆರ್ ಯು ಸರ್ಟಿಫೈಡ್ ಅಂತ. ನಂಗೆ ಗೊತ್ತಾಗ್ಲಿಲ್ಲ. ಹ್ಞೂ ಅಂದ್ಬಿಟ್ಟೆ.”

“ಆಮೇಲೆ?”

“ಆಮೇಲೆ ತೋರ್ಸಿ ಅಂದ್ಳು.”

ತೋರಿಸಲು ಅವಳ ಹತ್ತಿರ ಇದ್ದದ್ದು ಎರಡು ಕೈ. ಅವನ್ನು ನೋಡಿ ಆ ಹುಡುಗಿ, ಪಾಪ, ಬಹಳ ಪೊಲೈಟ್ ಆಗಿ “ಸಾರಿ ಆಂಟಿ” ಎಂದಳಂತೆ. ಅಪ್ಪ ಮೂವತ್ತು ವರ್ಷ ನೂಲು ತೆಗೆದ ಜಾಗದ ಗೇಟಿನಿಂದ ಮಗಳು ಹೊರಗೆ ಬಂದಳು. ಅದಕ್ಕಿಂತ ಹೆಚ್ಚಾಗಿ ಅವಳನ್ನು ಕಾಡುತ್ತಿದ್ದದ್ದು ಮಂಡಿ. ದಿನಕ್ಕೆ ನಾಲ್ಕು ಮನೆಯಲ್ಲಿ ಕಾಲು ನೀಡಿ ಕೂತು ಏಳುವುದು ಇನ್ನೆಷ್ಟು ದಿನ? ಡೇ ಕೇರ್‌ಗಳಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಟೀಚರ್ ಕೆಲಸವಂತೆ, ತಿಂಗಳ ಸಂಬಳವಂತೆ, ಭಾನುವಾರ ರಜವಂತೆ. ಅದಕ್ಕೊಂದು ಡಿಪ್ಲೊಮಾ ಬೇಕಂತೆ. ಗಾಂಧಿಬಜಾರಿನಲ್ಲಿ ಬೋರ್ಡು ನೋಡಿಕೊಂಡು ಬಂದಿದ್ದಳು.

“ಅಷ್ಟು ದುಡ್ಡು ಹಾಕಿ ಮಾಡಿದ್ರೆ ಪ್ರಯೋಜನ ಆಗುತ್ತಾ ಅಮ್ಮಾ? ನೀವು ಓದ್ದೋರು. ನೀವು ಮಾಡು ಅಂದ್ರೆ ಮಾಡ್ತೀನಿ, ಬೇಡ ಅಂದ್ರೆ ಬಿಡ್ತೀನಿ.”

ಓದುಗರೇ, ಇಂಥ ಪ್ರಶ್ನೆಗೆ ಉತ್ತರ ಕೊಡುವ ಮೊದಲು ಒಂದು ರಾತ್ರಿಯಾದರೂ ಯೋಚಿಸಬೇಕು. ನಾನು ಒಂದು ಗುಟುಕು ಕಾಫಿಯಷ್ಟೂ ಯೋಚಿಸಲಿಲ್ಲ. “ಆಫ್‌ಕೋರ್ಸ್” ಎಂದೆ. ಎಜುಕೇಶನ್ ಯಾವತ್ತೂ ವೇಸ್ಟ್ ಆಗುವುದಿಲ್ಲ ಎಂದೆ. ಸಿಸ್ಟರ್ ಆಗ್ನೆಸ್ ನನ್ನ ಗಂಟಲಿನಿಂದ ಮಾತಾಡುತ್ತಿದ್ದರು.

ಒಳಗೆ ಅವರೆಕಾಳು ಹಿತುಕುತ್ತಿದ್ದ ಮಂಗಳ ಅಲ್ಲಿಂದಲೇ ಬಾಯಿ ಹಾಕಿದಳು. ಈಕೆ ನನ್ನ ಯಜಮಾನರ ತಂಗಿ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಇಡೀ ಸರ್ವೀಸು ಕಳೆದವಳು. ಇನ್ನೊಬ್ಬರ ಮಾತಿನ ನಡುವೆ ಲೈನು ಸೇರಿಸಿಕೊಳ್ಳುವುದು ಅವಳಿಗೆ ಸರ್ಕಾರವೇ ಕೊಟ್ಟ ಟ್ರೈನಿಂಗು. “ಅಲ್ಲ ಅತ್ತಿಗೆ, ಅವಳಿಗೆ ಏನು ಹೇಳ್ಕೊಡ್ತಾರಂತೆ? ಮಗು ಅಂದ್ರೆ ಹೇಗಿರುತ್ತೆ ಅಂತಾನಾ?”

“ಇಟ್ಸ್ ನಾಟ್ ದಟ್, ಮಂಗಳ. ಒಂದು ರೆಕಗ್ನಿಷನ್ ಇರುತ್ತೆ.”

“ರೆಕಗ್ನಿಷನ್ನು ಗೋಡೆಗೆ ಹಾಕ್ಕೊಳ್ಳೋಕೆ ಅವಳ ಮನೇಲಿ ಗೋಡೆ ಒಣಗಿರ್ಬೇಕಲ್ಲ” ಎಂದು ಮಂಗಳ ಕಾಳು ಹಿತುಕಿದಳು. ರತ್ನ ನಕ್ಕಳು. ನಾನು ನಗಲಿಲ್ಲ.

ಇನ್‌ಸ್ಟಿಟ್ಯೂಟು ಇದ್ದದ್ದು ಪೂಜಾ ಸಾಮಗ್ರಿಯ ಅಂಗಡಿಯ ಮೇಲಿನ ಮಹಡಿಯಲ್ಲಿ. ಮೆಟ್ಟಿಲು ಹತ್ತುವಾಗ ಕರ್ಪೂರದ ವಾಸನೆ, ಮೇಲೆ ಹೋದರೆ ಫಿನಾಯಿಲಿನ ವಾಸನೆ. ಕೋಟು ತೊಟ್ಟ ಇಪ್ಪತ್ತಾರರ ಮೇಡಂ ಒಬ್ಬಳು ನಮಗೆ ಬ್ರೋಷರ್ ಕೊಟ್ಟಳು. ಅದರ ಮೇಲೆ ನೀಲಿ ಕಣ್ಣಿನ, ಜೋಳದ ತೆನೆಯ ಬಣ್ಣದ ಕೂದಲಿನ ಮಗುವಿನ ಚಿತ್ರ. “ಇಂಥ ಮಗೂಗೆ ನಾನು ನೀರು ಹಾಕಿಲ್ಲಮ್ಮ” ಎಂದು ರತ್ನ ನನ್ನ ಕಿವಿಯಲ್ಲಿ ಹೇಳಿದಳು. ಫೀಸು ಕೇಳಿ ನನ್ನ ಕಿವಿಯೇ ಮುಚ್ಚಿಹೋಯಿತು. ಅದರೊಳಗೆ ಒಂದು ಏಪ್ರನ್, ಒಂದು ಬ್ಯಾಡ್ಜು, ಒಂದು ಫೈಲು ಮತ್ತು ಅಭ್ಯಾಸಕ್ಕೆ ಒಂದು ರಬ್ಬರ್ ಗೊಂಬೆ ಸೇರಿತ್ತು. ರತ್ನ ತನ್ನ ಎರಡು ಚಿನ್ನದ ಬಳೆ ಮಾರುವುದೆಂದು ತೀರ್ಮಾನಿಸಿದಳು. ಮಕ್ಕಳ ಮೈಗೆ ಚುಚ್ಚಬಾರದೆಂದು ಕೆಲಸಕ್ಕೆ ಹೋಗುವಾಗ ಅವನ್ನು ಬಿಚ್ಚಿ ಸೆರಗಿಗೆ ಕಟ್ಟುತ್ತಿದ್ದಳು, ಇನ್ನು ಕಟ್ಟುವ ತಾಪತ್ರಯವಿಲ್ಲ ಎಂದಳು. ನಾನು ಕೊಡುತ್ತೇನೆ ರತ್ನ ಎಂದೆ. “ಬೇಡಮ್ಮ, ನಾನು ಓದೋದು, ನನ್ನ ದುಡ್ಡಲ್ಲೇ ಆಗ್ಲಿ” ಎಂದಳು. ನಮ್ಮಲ್ಲಿ ಉಪ್ಪಿಟ್ಟು ಬಡಿಸುವುದಕ್ಕೂ ಮೂರು ಸಲ ಉಪಚಾರ ಹೇಳುತ್ತೇವೆ. ಮೊದಲನೆಯ ‘ಬೇಡ’ವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಆದರೆ ಕಾನ್ವೆಂಟಿನಲ್ಲಿ, ಒಮ್ಮೆ ‘ನೋ ಥ್ಯಾಂಕ್ ಯು’ ಎಂದವರನ್ನು ಮತ್ತೆ ಕೇಳುವುದು ಬ್ಯಾಡ್ ಮ್ಯಾನರ್ಸ್ ಎಂದು ಕಲಿಸಿದ್ದರು. ಆವತ್ತು ನನಗೆ ಕಾನ್ವೆಂಟೇ ನೆನಪಾಯಿತು. ಅನುಕೂಲಕ್ಕೆ ತಕ್ಕಂತೆ ಎರಡು ಸಂಸ್ಕೃತಿ ಇಟ್ಟುಕೊಳ್ಳುವುದರ ಲಾಭ ಇದು.

ಕ್ಲಾಸು ಬೆಳಿಗ್ಗೆ ಒಂಬತ್ತರಿಂದ ಹನ್ನೆರಡು. ಈ ಟೈಮಿನಲ್ಲಿ ಮಕ್ಕಳಿಗೆ ಸ್ನಾನವಾಗುತ್ತದೆ ಎನ್ನುವುದು ಮಕ್ಕಳನ್ನು ನೋಡಿಕೊಳ್ಳುವುದನ್ನು ಕಲಿಸುವವರಿಗೆ ಹೊಳೆದಿರಲಿಲ್ಲ. ರತ್ನ ನಾಲ್ಕು ಮನೆಯನ್ನೂ ಬಿಡಬೇಕಾಯಿತು. ಬಾಣಂತಿ ಮನೆಯವರು ಆರು ತಿಂಗಳು ಕಾಯುತ್ತಾರೆಯೇ? ಮಗು ಕಾಯುತ್ತದೆಯೇ? ಬೇರೆ ಯಾರೋ ಬಂದು ಮಣೆ ಹಿಡಿದಳು. ಮಧ್ಯಾಹ್ನ ಒಂದು ಮೆಸ್ಸಿನಲ್ಲಿ ತರಕಾರಿ ಹೆಚ್ಚುವ ಕೆಲಸ ಹಿಡಿದು ರತ್ನ ಆ ಆರು ತಿಂಗಳು ದೂಡಿದಳು.

ಕಲಿಸಿದ್ದೆಲ್ಲ ವ್ಯರ್ಥ ಎಂದು ಹೇಳಿದರೆ ಅನ್ಯಾಯವಾದೀತು. ಮಗುವಿನ ಗಂಟಲಲ್ಲಿ ಏನಾದರೂ ಸಿಕ್ಕಿಕೊಂಡರೆ ಹೇಗೆ ಬೋರಲು ಹಾಕಿ ಬೆನ್ನು ತಟ್ಟಬೇಕು ಎಂದು ಒಂದು ದಿನ ತೋರಿಸಿದರಂತೆ. ರತ್ನ ಬಂದು ಆ ಗೊಂಬೆಯ ಮೇಲೆ ನಮಗೂ ತೋರಿಸಿದಳು. “ಇದೊಂದು ಬಹಳ ಒಳ್ಳೇದು ಹೇಳ್ಕೊಟ್ರಮ್ಮ. ನಮ್ಮವ್ವಂಗೂ ಗೊತ್ತಿರ್ಲಿಲ್ಲ” ಎಂದಳು. ಮಗುವಿನ ಮೂಗಿಗೆ, ಕಿವಿಗೆ ಎಣ್ಣೆ ಬಿಡುವುದನ್ನೂ ಇನ್ನು ಬಿಟ್ಟೆ ಎಂದಳು. ಅದು ಒಂದು ವಾರದ ಪಾಠ. ಉಳಿದ ಅಷ್ಟೂ ವಾರ ಅಸೈನ್‌ಮೆಂಟು. ಇಂಗ್ಲಿಷಿನಲ್ಲಿ. ರತ್ನ ಓದಿದ್ದು ಕನ್ನಡ ಮೀಡಿಯಮ್ಮಿನಲ್ಲಿ ಏಳನೆಯ ಕ್ಲಾಸು.

ಮೊದಲನೆಯ ಅಸೈನ್‌ಮೆಂಟನ್ನು ಹಿಡಿದುಕೊಂಡು ಅವಳು ಬಂದ ಸಂಜೆ ನನಗೆ ಚೆನ್ನಾಗಿ ನೆನಪಿದೆ. ‘ಅಳುತ್ತಿರುವ ಮಗುವನ್ನು ನೀವು ಹೇಗೆ ಸಮಾಧಾನಪಡಿಸುತ್ತೀರಿ? ನಾಲ್ಕು ಪುಟಗಳಿಗೆ ಕಡಿಮೆಯಿಲ್ಲದಂತೆ ವಿವರಿಸಿ.’ ನಾನು ಕನ್ನಡಕ್ಕೆ ತಿರುಗಿಸಿ ಹೇಳಿ, “ಸರಿ, ನೀನು ಹೇಳ್ತಾ ಹೋಗು, ನಾನು ಬರ್ಕೋತೀನಿ” ಎಂದು ಪೆನ್ನು ಬಿಚ್ಚಿದೆ.

“ಎತ್ಕೋತೀನಿ” ಎಂದಳು ರತ್ನ.

ಕಾದೆ. “ಅಷ್ಟೇನಾ?”

“ಇನ್ನೇನಮ್ಮ?”

“ಎತ್ಕೊಂಡ್ಮೇಲೂ ಅಳ್ತಿದ್ರೆ?”

“ಹಸಿವಿರುತ್ತೆ. ಇಲ್ಲಾಂದ್ರೆ ಹೊಟ್ಟೆನೋವು. ಎರಡೂ ಅಲ್ಲಾಂದ್ರೆ ಅದರ ತಾಯಿ ಒಳಗೆ ಅಳ್ತಿರ್ತಾಳೆ, ಹೋಗಿ ಅವಳನ್ನ ಮಾತಾಡಿಸ್ಬೇಕು.”

ಇಷ್ಟನ್ನು ನಾಲ್ಕು ಪುಟ ಮಾಡುವುದು ಹೇಗೆ? ಆ ತಾಯಿಯ ಮಾತು ಸಿಲಬಸ್ಸಿನಲ್ಲಿ ಎಲ್ಲೂ ಇರಲಿಲ್ಲ. ಅಕಾಡೆಮಿಕ್ ಆಗಿ ಕೇಳಿಸಲಿಲ್ಲ, ಬಿಟ್ಟೆ. ನಾನೇ ಶುರು ಮಾಡಿದೆ. ಸೆಕ್ಯೂರ್ ಎನ್ವಿರಾನ್‌ಮೆಂಟ್ ಎಂದೆ, ಎಮೋಷನಲ್ ನೀಡ್ಸ್ ಎಂದೆ, ಜೆಂಟಲ್ ಬಟ್ ಫರ್ಮ್ ಎಂದೆ. ಐವತ್ತು ವರ್ಷದಿಂದ ನನ್ನೊಳಗೆ ನ್ಯಾಫ್ತಲೀನ್ ಗುಳಿಗೆ ಹಾಕಿ ಮಡಚಿಟ್ಟಿದ್ದ ಇಂಗ್ಲಿಷೆಲ್ಲ ಹೊರಗೆ ಬಂದು ಗಾಳಿಗೆ ಹರಡಿಕೊಂಡಿತು. ನಾಲ್ಕು ಕೇಳಿದ್ದರೆ ಐದು ಪುಟ ಬರೆದೆ. ನಾನು ಬರೆದು ಮುಗಿಸುವವರೆಗೂ ಸುಮ್ಮನೆ ಕೂರಲಾಗದೆ ರತ್ನ ಒಳಗೆ ಹೋಗಿ ಕಾಯಿ ತುರಿದುಕೊಟ್ಟಳು. ವಾರದ ಮೇಲೆ ಅದು ವಾಪಸ್ಸು ಬಂತು. ಮೇಲೆ ಕೆಂಪು ಶಾಯಿಯಲ್ಲಿ ‘ಎ’, ಪಕ್ಕದಲ್ಲಿ ‘ಎಕ್ಸಲೆಂಟ್ ಇನ್‌ಸೈಟ್!’ ಎಂದು. ನನ್ನ ಎದೆ ಹೇಗೆ ಹೊಡೆದುಕೊಂಡಿತೆಂದರೆ, ಬಿ.ಪಿ. ಮಾತ್ರೆ ತೆಗೆದುಕೊಂಡೆನೋ ಇಲ್ಲವೋ ಎಂದು ಡಬ್ಬಿ ನೋಡಿಕೊಂಡೆ.

ಅಲ್ಲಿಂದ ಮುಂದೆ ನನಗೆ ಅಸೈನ್‌ಮೆಂಟಿನ ಹುಚ್ಚೇ ಹಿಡಿಯಿತು. ರತ್ನ ಬರುವುದು ಅರ್ಧ ಗಂಟೆ ತಡವಾದರೆ ಗೇಟಿಗೆ ಹೋಗಿ ನಿಲ್ಲುತ್ತಿದ್ದೆ. ‘ಮಗುವಿನ ಬೆಳವಣಿಗೆಯಲ್ಲಿ ಆಟದ ಪಾತ್ರ’ಕ್ಕೆ ಎ. ‘ಶಿಶುವಿನ ಆಹಾರ’ಕ್ಕೆ ಎ. ‘ಸ್ನಾನ ಮತ್ತು ಸ್ವಚ್ಛತೆ’ಗೂ ಎ ಬಂತು. ಅದನ್ನು ಬರೆದವಳು ಬಾಗಿಲಲ್ಲಿ ಟವೆಲ್ಲು ಹಿಡಿದು ನಿಂತವಳು, ಪಕ್ಕದಲ್ಲಿ ಕೂತು ಹುರುಳಿಕಾಯಿ ನಾರು ತೆಗೆಯುತ್ತಿದ್ದವಳು ಒಂದು ಪೇಟೆಯಷ್ಟು ಮಕ್ಕಳನ್ನು ಮೀಯಿಸಿದವಳು. ಒಮ್ಮೆ ರತ್ನ, “ಅಮ್ಮಾ, ನಂಗೂ ಒಂದೆರಡು ಲೈನು ಹೇಳ್ಕೊಡಿ, ಯಾರಾದ್ರೂ ಕೇಳಿದ್ರೆ ಹೇಳೋಕೆ” ಎಂದಳು. ಈಗ ಡಿಸ್ಟರ್ಬ್ ಮಾಡ್ಬೇಡ, ಕನ್‌ಕ್ಲೂಷನ್ನಿನಲ್ಲಿದ್ದೀನಿ ಎಂದೆ.

ಮಂಗಳ ನೋಡುವಷ್ಟು ನೋಡಿ ಒಂದು ದಿನ ಕೇಳಿದಳು, “ಕೋರ್ಸು ಸೇರಿರೋರು ಯಾರು ಅಂತ ನಂಗೊಂದ್ಸಲ ಹೇಳ್ಬಿಡಿ ಅತ್ತಿಗೆ. ಬಳೆ ಹೋಗಿದ್ದು ಅವಳ ಕೈದು, ಮೈ ಉಬ್ಬಿರೋದು ನಿಮ್ದು.”

ಕೊನೆಗೆ ಪ್ರಾಕ್ಟಿಕಲ್ ಎಕ್ಸಾಮು. ಇದರಲ್ಲಾದರೂ ರತ್ನಳಿಗೆ ನನ್ನ ಅಗತ್ಯವಿರಲಿಲ್ಲ, ಆದರೆ ನಾನು ಬಿಡಬೇಕಲ್ಲ. ಪುಸ್ತಕದಲ್ಲಿದ್ದಂತೆ ಟಬ್ಬಿನಲ್ಲಿ ನೀರು, ಮೊಣಕೈಯಿಂದ ಬಿಸಿ ನೋಡುವುದು, ಗ್ಲೌಸು, ಎಲ್ಲವನ್ನೂ ನಮ್ಮ ಊಟದ ಟೇಬಲ್ಲಿನ ಮೇಲೆ ಗೊಂಬೆಯನ್ನಿಟ್ಟು ರಿಹರ್ಸಲ್ ಮಾಡಿಸಿದೆ. ರತ್ನ ಮೊದಲ ದಿನ ಅದರ ತಲೆಯ ಮೇಲೆ ಕೈಯಿಟ್ಟವಳೇ ಬೆಚ್ಚಿ, “ಅಮ್ಮಾ, ಇದಕ್ಕೆ ನೆತ್ತಿ ಮುಚ್ಕೊಂಡ್ಬಿಟ್ಟಿದೆ” ಎಂದಳು. ಅದು ರಬ್ಬರು ಕಣೇ ಎಂದೆ. ಆದರೂ ಎತ್ತುವಾಗಲೆಲ್ಲ ಕುತ್ತಿಗೆಯ ಕೆಳಗೆ ಕೈ ಕೊಟ್ಟೇ ಎತ್ತುತ್ತಿದ್ದಳು.

ಎಕ್ಸಾಮಿನ ದಿನ ಹೊರಗಿನಿಂದ ಒಬ್ಬರು ಎಕ್ಸಾಮಿನರ್ ಬಂದಿದ್ದರು. ನನ್ನನ್ನು ಗಾಜಿನ ಆಚೆ ಕೂರಿಸಿದರು. ರತ್ನ ಕೈ ತೊಳೆದಳು, ಗ್ಲೌಸು ಹಾಕಿದಳು, ಮೊಣಕೈ ಅದ್ದಿದಳು, ಕಾಲು ನೀಡಬೇಕೆನ್ನುವ ಆಸೆಯನ್ನು ತಡೆದುಕೊಂಡು ನಿಂತೇ ಸ್ನಾನ ಮಾಡಿಸಿದಳು. ಎಲ್ಲ ಪುಸ್ತಕದಲ್ಲಿದ್ದ ಹಾಗೆಯೇ. ಸುತ್ತ ಹದಿನೆಂಟು ಹುಡುಗಿಯರು ಕಣ್ಣು ಬಿಟ್ಟುಕೊಂಡು ನೋಡುತ್ತಿದ್ದರು. ಎಕ್ಸಾಮಿನರ್ ಮೆಚ್ಚಿ ತಲೆದೂಗುತ್ತಿರುವುದು ನನಗೆ ಗಾಜಿನಾಚೆಗೂ ಕಾಣುತ್ತಿತ್ತು. ಟವೆಲ್ಲು ತೆಗೆದುಕೊಳ್ಳುವುದಷ್ಟೇ ಬಾಕಿ. ಅಷ್ಟರಲ್ಲಿ ರತ್ನಳ ಬಲಗೈ, ಅವಳನ್ನು ಕೇಳದೆ, ಮಗ್ಗಿನಲ್ಲಿ ಉಳಿದ ನೀರನ್ನು ಎತ್ತಿ ಗೊಂಬೆಯ ಸುತ್ತ ಮೂರು ಸಲ ನಿವಾಳಿಸಿತು. ನಾನು ಗಾಜು ಬಡಿದೆ. ಅವಳು ಪಕ್ಕಕ್ಕೆ ತಿರುಗಿ “ಥೂ, ಥೂ, ಥೂ” ಎಂದಳು. ಆ ಪಕ್ಕದಲ್ಲಿ ಎಕ್ಸಾಮಿನರ್ ಪ್ಯಾಡು ಹಿಡಿದು ನಿಂತಿದ್ದರು.

ಹೈಜೀನಿಗೆ ಸೊನ್ನೆ ಬಿತ್ತು. ಮೆಟ್ಟಿಲಿಳಿಯುತ್ತಾ ನಾನು, “ಏನೇ ರತ್ನ, ಅದು ಗೊಂಬೆ ಅಲ್ವೇನೇ!” ಎಂದೆ. “ಗೊಂಬೆ ಆದ್ರೇನಮ್ಮ, ಅಷ್ಟು ಜನ ಕಣ್ಣು ಹಾಕಿದ್ರಲ್ಲ” ಎಂದಳು. ಡಿಪ್ಲೊಮಾ ಬಂತು. ದಪ್ಪ ಕಾಗದ, ಬಳ್ಳಿಯ ಡಿಸೈನು, ಕೆಂಪು ಮೊಹರು, ಎಲ್ಲ ಇತ್ತು. ಥಿಯರಿಗೆ ಎ. ಪ್ರಾಕ್ಟಿಕಲ್ಲಿನಲ್ಲಿ ಜಸ್ಟ್ ಪಾಸು. ರತ್ನಳಿಗೆ ಬರುತ್ತಿದ್ದುದರಲ್ಲಿ ಜಸ್ಟ್ ಪಾಸು, ಬಾರದೆ ಇದ್ದದ್ದರಲ್ಲಿ ಎ.

ಬಸವನಗುಡಿಯಲ್ಲಿ ಒಂದು ಹೊಸ ಡೇ ಕೇರ್‌ನಲ್ಲಿ ಟೀಚರ್ ಬೇಕಾಗಿದೆ ಎಂದು ಗೊತ್ತಾಯಿತು. ಇಂಟರ್‌ವ್ಯೂಗೆ ರತ್ನಳ ಜೊತೆ ನಾನೂ ಹೋದೆ. ಮಾರಲ್ ಸಪೋರ್ಟಿಗೆ ಎಂದು ಅವಳಿಗೆ ಹೇಳಿದ್ದೆ. ಮಂಗಳ ಗೇಟಿನವರೆಗೂ ಬಂದು, “ಅತ್ತಿಗೆ, ಅಲ್ಲಿ ಬಾಯಿ ಮುಚ್ಕೊಂಡು ಕೂತ್ಕೊಳಿ, ನಿಮ್ಮ ಕಾಲಿಗೆ ಬೀಳ್ತೀನಿ” ಎಂದಿದ್ದಳು. ಹೆಡ್ ಮಿಸ್ಸು ಒಳ್ಳೆಯ ಹೆಂಗಸು, ನಮ್ಮಿಬ್ಬರಿಗೂ ಕುರ್ಚಿ ಕೊಟ್ಟರು. ಡಿಪ್ಲೊಮಾ ನೋಡಿದರು. ಆಮೇಲೆ ಫೈಲು ತೆರೆದು ಅಸೈನ್‌ಮೆಂಟುಗಳನ್ನು ಒಂದೊಂದೇ ಓದತೊಡಗಿದರು. ರತ್ನ ಬೋಳು ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು ಅವರ ಮುಖವನ್ನೇ ನೋಡುತ್ತಿದ್ದಳು. ಸ್ವಲ್ಪ ಹೊತ್ತಾದ ಮೇಲೆ ಅವರು ತಲೆ ಎತ್ತಿ ಹೇಳಿದರು, “ದಿಸ್ ಈಸ್ ಬ್ಯೂಟಿಫುಲಿ ರಿಟನ್.”

“ಥ್ಯಾಂಕ್ ಯು” ಎಂದೆ ನಾನು.

ಆ ಎರಡು ಶಬ್ದ ಹೇಗೆ ಹೊರಗೆ ಬಂದವೋ ದೇವರೇ ಬಲ್ಲ. ಯಾರಾದರೂ ಕಾಂಪ್ಲಿಮೆಂಟ್ ಕೊಟ್ಟರೆ ಮುಗುಳ್ನಕ್ಕು ಥ್ಯಾಂಕ್ ಯು ಎನ್ನಬೇಕೆಂದು ಏಳು ವರ್ಷದವಳಿದ್ದಾಗ ರೂಢಿಮಾಡಿಸಿದ್ದು. ಹೆಡ್ ಮಿಸ್ಸು ನನ್ನನ್ನು ನೋಡಿದರು. ರತ್ನಳನ್ನು ನೋಡಿದರು. ಫೈಲಿನ ಮೊದಲ ಹಾಳೆಗೆ ಹೋಗಿ, ರತ್ನಳಿಗೆ ಇಂಗ್ಲಿಷಿನಲ್ಲಿ ಕೇಳಿದರು, ಅಳುವ ಮಗುವನ್ನು ಹೇಗೆ ಸಮಾಧಾನ ಮಾಡುತ್ತೀರಿ ಎಂದು. ರತ್ನ ನನ್ನ ಕಡೆ ತಿರುಗಿದಳು. ನಾನು ಕನ್ನಡದಲ್ಲಿ ಹೇಳಿದೆ. ಅವಳ ಮುಖ ಅರಳಿತು. ಗೊತ್ತಿರುವ ಪ್ರಶ್ನೆ.

“ಎತ್ಕೋತೀನಿ ಮೇಡಂ.”

ಹೆಡ್ ಮಿಸ್ಸು ಫೈಲು ಮುಚ್ಚಿದರು. “ಇದನ್ನ ಬರೆದಿದ್ದು ಇವರೇನಾ?” ಎಂದು ಮೆಲ್ಲಗೆ ಕೇಳಿದರು. ನಾನು ಬಾಯಿ ತೆರೆಯಬೇಕಾದ ಹೊತ್ತಿಗೆ ಅದು ಮುಚ್ಚಿಕೊಂಡಿತು. ಉತ್ತರ ಕೊಟ್ಟವಳು ರತ್ನ. “ನಾನೇ ಮೇಡಂ. ಅಮ್ಮ ಒಂಚೂರು ಸ್ಪೆಲಿಂಗ್ ನೋಡಿಕೊಟ್ರು.” ಎಪ್ಪತ್ತಾರು ವರ್ಷದ ನನ್ನ ಮಾನ ಉಳಿಸಲು ಆ ಹೆಂಗಸು ತನ್ನ ಕೆಲಸವನ್ನು ಕೈಯಾರೆ ಬಿಟ್ಟುಕೊಟ್ಟಳು. ಹೆಡ್ ಮಿಸ್ಸು ನಂಬಿದ ಹಾಗೆ ನಟಿಸಿದರು. ಟೀಚರ್ ಪೋಸ್ಟಿಗೆ ಪೇರೆಂಟ್ಸ್ ಇಂಗ್ಲಿಷ್ ಎಕ್ಸ್‌ಪೆಕ್ಟ್ ಮಾಡುತ್ತಾರೆ, ಆದರೆ ಆಯಾ ಪೋಸ್ಟ್ ಖಾಲಿಯಿದೆ, ಬೇಕಾದರೆ ನಾಳೆಯೇ ಬರಬಹುದು ಎಂದರು. ಅದಕ್ಕೆ ಸರ್ಟಿಫಿಕೇಟಿನ ಅವಶ್ಯಕತೆ ಇಲ್ಲವಂತೆ.

ಹಳೆಯ ಮನೆಗಳು ಕೈಬಿಟ್ಟಿದ್ದವು, ಬೇರೆ ದಾರಿಯಿಲ್ಲದೆ ರತ್ನ ಸೇರಿದಳು. ನಾಲ್ಕು ಮನೆಗೆ ನೀರು ಹಾಕಿ ಬರುತ್ತಿದ್ದುದಕ್ಕಿಂತ ಕಡಿಮೆ ಸಂಬಳ. ಮಂಡಿಗೆ ರೆಸ್ಟು ಸಿಗಲೆಂದು ಹೋದವಳು ಈಗ ಮಂಡಿಯೂರಿ ನೆಲ ಒರೆಸುತ್ತಾಳೆ. ಟಾಯ್ಲೆಟ್ ತೊಳೆಯುತ್ತಾಳೆ, ಡಬ್ಬಿ ತೊಳೆಯುತ್ತಾಳೆ. ಅಲ್ಲಿನ ಟೀಚರ್ ಇಪ್ಪತ್ತೊಂದರ ಹುಡುಗಿ, ಇದೇ ಇನ್‌ಸ್ಟಿಟ್ಯೂಟಿನ ಇದೇ ಡಿಪ್ಲೊಮಾದವಳು. ಅವಳದು ಅವಳೇ ಬರೆದದ್ದೋ ಅವಳ ಮನೆಯಲ್ಲೂ ಒಬ್ಬ ಕಾನ್ವೆಂಟ್ ಅಜ್ಜಿ ಇದ್ದಾಳೋ, ನಾನು ವಿಚಾರಿಸಲು ಹೋಗಿಲ್ಲ. ಮಕ್ಕಳನ್ನು ಮುಟ್ಟುವುದು ಟೀಚರ್ ಮಾತ್ರ, ಆಯಾಗಳು ಎತ್ತಿಕೊಳ್ಳುವ ಹಾಗಿಲ್ಲ ಎಂದು ರೂಲು. “ಅಳ್ತಿದ್ರೆ ಏನ್ಮಾಡ್ತೀಯೇ?” ಎಂದು ಮಂಗಳ ಕೇಳಿದಳು.

“ಟೀಚರ್‌ನ ಕೂಗ್ತೀನಿ ಅಮ್ಮ. ಅವರು ಬರೋ ತನಕ ಕೈ ಹಿಂದಕ್ಕೆ ಕಟ್ಕೊಂಡು ನಿಂತ್ಕೋತೀನಿ. ಇಲ್ಲಾಂದ್ರೆ ಕೈ ತಾನಾಗೇ ಹೋಗ್ಬಿಡುತ್ತೆ” ಎಂದಳು. ಹೇಗೆಂದು ಕುಳಿತಲ್ಲಿಯೇ ತೋರಿಸಿಯೂ ತೋರಿಸಿದಳು.

ನಲವತ್ತು ವರ್ಷದಲ್ಲಿ ಮೊದಲ ಸಲ ಮಂಗಳಳ ಲೈನು ಡೆಡ್ ಆಗಿತ್ತು. ನನ್ನನ್ನು ಬೈದಿದ್ದರೆ ಚೆನ್ನಾಗಿತ್ತು.

ಕಳೆದ ಭಾನುವಾರ ರತ್ನ ಬಂದಾಗ ಕೈಯಲ್ಲಿ ಆ ಫೈಲು ಇತ್ತು. “ಅಮ್ಮಾ, ಇದು ನಿಮ್ಮತ್ರಾನೇ ಇರ್ಲಿ. ನಮ್ಮನೇಲಿ ಇಲಿ ಕಾಟ. ಬರ್ದೋರೂ ನೀವೇ ಅಲ್ವಾ” ಎಂದಳು. ದನಿಯಲ್ಲಿ ಕೊಂಕಿರಲಿಲ್ಲ, ಹುಡುಕಿ ನೋಡಿದೆ. ಗೊಂಬೆಯನ್ನು ಮಾತ್ರ ಅವಳು ಕೊಡಲಿಲ್ಲ. ಅದಕ್ಕೊಂದು ಲಂಗ ಹೊಲಿದಿದ್ದಾಳಂತೆ. ಕಾಫಿ ಕುಡಿದು, ಲೋಟ ತೊಳೆದಿಟ್ಟು ಹೋದಳು. ಹೋಗುವ ಮುಂಚೆ ನಾನು, “ರತ್ನ, ಆ ಬಳೆ ದುಡ್ಡು ನಾನು...” ಎಂದೆ. “ಬೇಡಮ್ಮ” ಎಂದಳು. ಈ ಸಲ ಎರಡನೆಯ ಸಲವೂ ಕೇಳಿದೆ, ಮೂರನೆಯ ಸಲವೂ ಕೇಳಿದೆ. ಮೂರಕ್ಕೂ ಬೇಡವೆಂದಳು. ನಮ್ಮಲ್ಲಿ ಮೂರನೆಯ ‘ಬೇಡ’ ಎಂದರೆ ನಿಜವಾಗಿಯೂ ಬೇಡ ಎಂದೇ ಅರ್ಥ.

ಈ ಕೋರ್ಸು ಮಾಡಿದರೆ ಪ್ರಯೋಜನವಿದೆಯೇ, ಖರ್ಚು ಮಾಡಿದ್ದಕ್ಕೆ ಲಾಸಿಲ್ಲವೇ ಎಂದು ಈಗ ಯಾರಾದರೂ ನನ್ನನ್ನು ಕೇಳಿದರೆ ಹೌದೆಂದೇ ಹೇಳಬೇಕಾಗುತ್ತದೆ, ಏಕೆಂದರೆ ನನಗಂತೂ ಲಾಸಾಗಲಿಲ್ಲ. ಅವಳು ಹೋದ ಮೇಲೆ ಆ ಫೈಲನ್ನು ಕಣ್ಣಿಗೆ ಬೀಳದ ಹಾಗೆ ಟ್ರಂಕಿನ ತಳಕ್ಕೆ ಹಾಕಿಬಿಡಬೇಕು ಎಂದು ಎತ್ತಿಕೊಂಡೆ. ಹಾಕುವ ಮೊದಲು ಒಂದು ಸಲ ತೆರೆದೆ. ಅಳುವ ಮಗುವಿನ ಐದು ಪುಟಗಳನ್ನೂ ಓದಿದೆ. ತಾಯಿ ಒಳಗೆ ಅಳುತ್ತಿರುತ್ತಾಳೆ ಎಂಬ ಮಾತು ಎಲ್ಲಾದರೂ ನುಸುಳಿರಬಹುದೇ ಎಂದು ಹುಡುಕಿದೆ, ಇರಲಿಲ್ಲ. ಕಣ್ಣು ಮಂಜಾಯಿತು, ಅಷ್ಟರಮಟ್ಟಿಗೆ ನಾನೂ ಮನುಷ್ಯಳೇ. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದಾಗ ಕಂಡದ್ದು ಮೇಲಿನ ಆ ಕೆಂಪು ‘ಎ’. ಇದನ್ನು ಹೇಳಲು ನನಗೆ ಬಹಳ ನಾಚಿಕೆಯಾಗುತ್ತದೆ, ಆದರೂ ಹೇಳಿಬಿಡುತ್ತೇನೆ. ಆ ಕ್ಷಣ ನನ್ನ ತಲೆಗೆ ಬಂದ ಯೋಚನೆ ರತ್ನಳದಲ್ಲ. ಐದು ಪುಟ ಬರೆದಿದ್ದೆನಲ್ಲ, ಎ ಪ್ಲಸ್ ಯಾಕೆ ಕೊಡಲಿಲ್ಲ ಎಂದು. ಮಾರನೆಯ ದಿನ ಹೂವು ತರಲು ಗಾಂಧಿಬಜಾರಿಗೆ ಹೋದವಳು ಕರ್ಪೂರದ ವಾಸನೆ ಹಿಡಿದು ಆ ಮಹಡಿಯ ಮೆಟ್ಟಿಲನ್ನು ಆರೇಳು ಹತ್ತಿಯೂ ಬಿಟ್ಟಿದ್ದೆ. ಅರ್ಧದಲ್ಲಿ ನನ್ನ ಮಂಡಿ ಹಿಡಿದುಕೊಂಡಿತು.